ನಗಿ, ಆದರೆ ಲೆಕ್ಕವನ್ನೂ ಕೇಳಿ



2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3ರ ನೌಕೆ ಚಂದ್ರನ ದಕ್ಷಿಣ ಧ್ರುವದ ಸಮೀಪ ಇಳಿದುದನ್ನು ನೀವೂ ಟಿ.ವಿ.ಯಲ್ಲಿ ನೋಡಿರುತ್ತೀರಿ. ಊರೂರುಗಳಲ್ಲಿ ಜನ ಚಪ್ಪಾಳೆ ತಟ್ಟಿದರು, ಸಿಹಿ ಹಂಚಿದರು. ಆ ಧ್ರುವದ ಬಳಿಯ ನೆರಳುಗುಂಡಿಗಳಲ್ಲಿ ಹೆಪ್ಪುಗಟ್ಟಿದ ನೀರು ಇರಬಹುದೆಂಬ ವಿವರವೂ ಪತ್ರಿಕೆಗಳಲ್ಲಿ ಬಂತು. ಅದನ್ನು ಓದಿದ ಮೇಲೆ ಮಾತಿನ ಧಾಟಿ ಬದಲಾಯಿತು. "ಅಷ್ಟು ದೂರ ಹೋಗಿ ನೀರು ಹುಡುಕೋರು, ದಾರೀಲಿ ನಮ್ಮ ಬೋರಿನೊಳಗೂ ಒಂದು ಸಲ ಇಣುಕಿ ನೋಡಬಾರ್ದಾ?" ಎಂಬ ಮಾತನ್ನು ಆ ವಾರದಲ್ಲಿ ನಾನು ಮೂರು ಊರುಗಳಲ್ಲಿ ಕೇಳಿದೆ. ಮೂರು ಕಡೆಯೂ ನಗು. ಆದರೆ ನಕ್ಕವರ ಹೊಲಗಳಲ್ಲಿ ರಾಗಿ ಪೈರು ಸುರುಟಿಕೊಂಡು ನಿಂತಿತ್ತು. ನಮ್ಮ ದೇಶದಲ್ಲಿ 1901ರಿಂದ ಈಚೆಗೆ ಅತ್ಯಂತ ಕಡಿಮೆ ಮಳೆ ಬಿದ್ದ ಆಗಸ್ಟ್ ಅದೇ ಆಗಿತ್ತು.

ಬೇಸಾಯಶಾಸ್ತ್ರ ಓದಿ, ಪ್ರಾತ್ಯಕ್ಷಿಕೆ ತಾಕುಗಳ ಬದುವಿನ ಮೇಲೆ ನಿಂತು ನಿಮ್ಮೊಡನೆ ಮಾತನಾಡಲು ತೊಡಗಿ ನನಗೆ ಇಪ್ಪತ್ತು ವರ್ಷಗಳಾಗುತ್ತ ಬಂದವು. ವಿಜ್ಞಾನದ ಯಾವ ಸುದ್ದಿ ಹಳ್ಳಿಗೆ ಬಂದರೂ ಮೊದಲು ಏಳುವುದು ಇಂಥ ಒಂದು ನಗೆಮಾತು. ನಮ್ಮ ಬಳಗದ ಕೆಲವರಿಗೆ ಇದರಿಂದ ಬೇಸರವಾಗುತ್ತದೆ. "ನಾವು ಹೇಳುವುದನ್ನು ಇವರು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ" ಎನ್ನುತ್ತಾರೆ. ನನ್ನ ಅಭಿಪ್ರಾಯ ಬೇರೆ. ಆ ನಗೆಮಾತಿನ ಒಳಗೆ ಬಹುಮಟ್ಟಿಗೆ ಒಂದು ಸರಿಯಾದ ಪ್ರಶ್ನೆ ಇರುತ್ತದೆ. ತೊಂದರೆ ಏನೆಂದರೆ, ನಕ್ಕಾದ ಮೇಲೆ ಆ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ನೀವು ನಕ್ಕು ಎದ್ದು ಹೋಗುತ್ತೀರಿ, ನಾವು ಮುಖ ಊದಿಸಿಕೊಂಡು ಜೀಪು ಹತ್ತುತ್ತೇವೆ. ನಷ್ಟ ಮಾತ್ರ ಹೊಲದಲ್ಲಿ ಉಳಿಯುತ್ತದೆ.

ಮಳೆಯ ಸುದ್ದಿಯಿಂದಲೇ ಪ್ರಾರಂಭಿಸೋಣ. "ಒಳನಾಡಿನ ಜಿಲ್ಲೆಗಳಲ್ಲಿ ಅಲ್ಲಲ್ಲಿ ಮಳೆಯಾಗುವ ಸಂಭವವಿದೆ" ಎಂದು ರೇಡಿಯೋದಲ್ಲಿ ಕೇಳಿ ಕೇಳಿ ಸಾಕಾದ ಹಿರಿಯರೊಬ್ಬರು ತರಬೇತಿ ಶಿಬಿರದಲ್ಲಿ ಎದ್ದು ನಿಂತು, "ಸ್ವಾಮಿ, ಈ 'ಅಲ್ಲಲ್ಲಿ' ಅನ್ನೋ ಊರು ಯಾವ ತಾಲ್ಲೂಕಿಗೆ ಸೇರ್ತದೆ? ವರ್ಷಾ ವರ್ಷ ಮಳೆಯೆಲ್ಲ ಅಲ್ಲೇ ಹುಯ್ಯುತ್ತಲ್ಲ, ಅಲ್ಲೇ ಎರಡು ಎಕರೆ ಕೊಂಡುಕೊಳ್ಳೋಣ ಅಂತ" ಎಂದರು. ಸಭೆಯಲ್ಲಿ ಐದು ನಿಮಿಷ ಪಾಠ ನಡೆಯಲಿಲ್ಲ.

ಆದರೆ ಈ 'ಅಲ್ಲಲ್ಲಿ' ಎಂಬ ಊರಿಗೆ ಮೇರೆ ಉಂಟು. ಒಂದು ಪ್ರದೇಶದ ಮಳೆಮಾಪನ ಕೇಂದ್ರಗಳ ಪೈಕಿ ನೂರಕ್ಕೆ 25 ಅಥವಾ ಅದಕ್ಕೂ ಕಡಿಮೆ ಕಡೆ ಮಳೆ ಬರುವಂತಿದ್ದರೆ ಹವಾಮಾನ ಇಲಾಖೆ ಈ ಬಗೆಯ ಮಾತನ್ನು ಬಳಸುತ್ತದೆ. 26ರಿಂದ 50ರವರೆಗೆ ಒಂದು ಮಾತು, 51ರಿಂದ 75ರವರೆಗೆ ಇನ್ನೊಂದು, ಅದಕ್ಕೂ ಮೇಲಾದರೆ ಬಹುತೇಕ ಎಲ್ಲ ಕಡೆ ಎಂದು ಅರ್ಥ. ಅಂದರೆ 'ಅಲ್ಲಲ್ಲಿ' ಎಂಬುದನ್ನು ಕೇಳಿದ ದಿನ ನಾಲ್ಕು ಹೊಲಗಳಲ್ಲಿ ಮೂರಕ್ಕೆ ಮಳೆ ಬಾರದೆಂದೇ ತಿಳಿಯಬೇಕು. ಇದನ್ನು ನಿಮಗೆ ಯಾರಾದರೂ ಬಿಡಿಸಿ ಹೇಳಿದ್ದಾರೆಯೇ? ಇನ್ನೂ ಒಂದು ಮಾತು. ದಿನಕ್ಕೆ 2.5 ಮಿ.ಮೀ. ಬಿದ್ದರೆ ಅದನ್ನು ಮಳೆಯ ದಿನವೆಂದು ಲೆಕ್ಕಕ್ಕೆ ಹಿಡಿಯುತ್ತಾರೆ. ಎಕರೆಗೆ ಇದು ಹತ್ತು ಸಾವಿರ ಲೀಟರ್ ನೀರು. ಕೇಳಲು ಬಹಳ ಎನಿಸುತ್ತದೆ, ಆದರೆ ಒಣಗಿದ ಕೆಂಪು ಮಣ್ಣಿನಲ್ಲಿ ಅದು ಮೇಲಿನ ಒಂದಂಗುಲವನ್ನೂ ಸರಿಯಾಗಿ ನೆನೆಸಲಾರದು. ಮಳೆ ಬರುತ್ತದೆಂಬ ಸುದ್ದಿಯೂ ನಿಜವಾಗಿ, ಮಳೆಯೂ ಬಂದು, ಬಿತ್ತಿದ ಬೀಜವೂ ಒಣಗಿ ಹೋಗುವುದು ಹೀಗೆ.

2023ರ ಕಥೆಯೂ ಇದೇ. ಆ ವರ್ಷದ ಏಪ್ರಿಲ್‌ನಲ್ಲಿ ಮುಂಗಾರು ಸರಾಸರಿಯ ಶೇಕಡ 96ರಷ್ಟು ಆದೀತೆಂದು ಮುನ್ಸೂಚನೆ ಬಂತು, ಐದರಷ್ಟು ಹೆಚ್ಚು ಕಡಿಮೆ ಆಗಬಹುದೆಂಬ ಮಾತೂ ಜೊತೆಗಿತ್ತು. ಸೆಪ್ಟೆಂಬರ್ ಮುಗಿದಾಗ ದೇಶದ ಮಳೆ ಶೇಕಡ 94. ಲೆಕ್ಕ ತಪ್ಪಲಿಲ್ಲ. ಆದರೆ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ರಾಜಸ್ಥಾನದಲ್ಲಿ ಸುರಿದದ್ದು, ಅಸ್ಸಾಮಿನಲ್ಲಿ ಸುರಿದದ್ದು, ನಮ್ಮಲ್ಲಿ ಬಾರದೆ ಹೋದದ್ದು ಎಲ್ಲವನ್ನೂ ಒಂದೇ ಕೊಳಗದಲ್ಲಿ ಅಳೆದರೆ ಬರುವ ಅಂಕಿ ಅದು. ಅದನ್ನು ನೋಡಿ ಬಿತ್ತನೆ ನಿರ್ಧರಿಸುವುದು, ಊರಿನ ಸರಾಸರಿ ಕಾಲಳತೆಗೆ ಚಪ್ಪಲಿ ಹೊಲಿಸಿದಂತೆ. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆ ಅಳೆಯುವ ಯಂತ್ರಗಳಿವೆ. ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಅವುಗಳಿಂದ ಮಾಹಿತಿ ಪಡೆಯುತ್ತಾರೆ. ದೆಹಲಿಯ ಅಂಕಿಯನ್ನು ನೋಡಿ ನಗುವುದಿದ್ದರೆ ನಗಿ, ಬಿತ್ತುವುದಕ್ಕೆ ಮುಂಚೆ ನಿಮ್ಮ ಪಂಚಾಯಿತಿಯ ಅಂಕಿಯನ್ನು ಕೇಳಿ ಪಡೆಯಿರಿ, ಗುದ್ದಲಿಯಿಂದ ಮಣ್ಣು ಕೆದಕಿ ಹದ ಎಷ್ಟು ಆಳಕ್ಕೆ ಇಳಿದಿದೆ ಎಂಬುದನ್ನೂ ನೋಡಿ.

ಬೀಜದ ಸುದ್ದಿಗೆ ಸಿಕ್ಕ ನಗೆ ಇದಕ್ಕಿಂತ ಹಳೆಯದು. ನಮ್ಮ ದೇಶದ ಮೊದಲ ಸಂಕರಣ ಜೋಳ ಸಿ.ಎಸ್.ಎಚ್.-1 ಬಿಡುಗಡೆಯಾದದ್ದು 1964ರಲ್ಲಿ. ಇಳುವರಿಯಲ್ಲಿ ಅದು ನಾಟಿ ಜೋಳವನ್ನು ಮೀರಿಸಿತು, ಅದರಲ್ಲಿ ಅನುಮಾನವಿಲ್ಲ. ಆದರೆ 'ಹೈಬ್ರಿಡ್' ಎಂಬ ಮಾತು ಹಳ್ಳಿಗರ ಬಾಯಲ್ಲಿ ಏನಾಯಿತು ನೋಡಿ. ನಾಲ್ಕು ಹೆಜ್ಜೆ ನಡೆದು ಏದುಸಿರು ಬಿಡುವ ಹುಡುಗ ಹೈಬ್ರಿಡ್, ರುಚಿಯಿಲ್ಲದ ಟೊಮೆಟೊ ಹೈಬ್ರಿಡ್, ಬಣ್ಣದ ಮಾತಿನ ನೆಂಟನೂ ಹೈಬ್ರಿಡ್. ಗಟ್ಟಿಯಾದದ್ದೆಲ್ಲ ಜವಾರಿ. ಧಾರವಾಡ ಸೀಮೆಯ ರೈತರೊಬ್ಬರು ಅಂದಿನ ಮಾತನ್ನು ನನಗೆ ಹೀಗೆ ಹೇಳಿದರು: "ಸಾಹೇಬ್ರ, ಕಾಳು ನಮಗಾತು, ಎತ್ತಿಗೇನ್ ಹಾಕೂಣ್ರಿ? ಆ ಗಿಡ್ಡ ದಂಟಿನ ನೆರಳು ತಿಂದೀತೇನು?" ಇದರಲ್ಲಿ ನಗುವಂಥದ್ದು ಏನಿದೆಯೋ ಅದಕ್ಕಿಂತ ಹೆಚ್ಚು ಶಾಸ್ತ್ರವಿದೆ. ಜೋಳದ ಬೆಳೆ ಎಂದರೆ ಕಾಳು ಮಾತ್ರವಲ್ಲ, ಕಣಿಕೆಯೂ ಬೆಳೆಯೇ. ಬೇಗ ಕೊಯ್ಲಿಗೆ ಬರುವ ಮುಂಗಾರಿ ತಳಿಯ ತೆನೆ ಮಳೆಗೆ ಸಿಕ್ಕಿ ಬೂಷ್ಟು ಹಿಡಿದು ಕಪ್ಪಾಗುತ್ತದೆ. ಕಪ್ಪಾದ ಜೋಳದ ರೊಟ್ಟಿಯನ್ನು ಯಾರು ತಟ್ಟಬೇಕು? ಮುಂದೆ ತಳಿ ವಿಜ್ಞಾನಿಗಳು ಕಾಳು, ಮೇವು ಎರಡನ್ನೂ ಕೊಡುವ ತಳಿಗಳಿಗೂ ಬೂಷ್ಟು ತಡೆಯುವ ಗುಣಕ್ಕೂ ಗಮನ ಕೊಟ್ಟರು. ಆ ನಗೆಮಾತನ್ನು ಮೊದಲ ವರ್ಷವೇ ಯಾರಾದರೂ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಿದ್ದರೆ ದಾರಿ ಹತ್ತಿರವಾಗುತ್ತಿತ್ತೆಂಬುದು ನನ್ನ ನಂಬಿಕೆ. ಹಿಂಗಾರಿ ಜೋಳದಲ್ಲಿ ಮಾಲದಂಡಿ ವಂಶದ ಎಂ. 35-1 ಇಷ್ಟು ದೀರ್ಘಕಾಲ ನಿಂತದ್ದು ಸುಮ್ಮನೆ ಅಲ್ಲ. ಕಾಳಿನ ಹೊಳಪು, ರೊಟ್ಟಿಯ ಹದ, ಮೇವಿನ ರಾಶಿ ಮೂರನ್ನೂ ಮನೆಯವರು ಒಟ್ಟಿಗೆ ತೂಗಿದ್ದರು.

ಹಾಗೆಂದು ನಗೆ ಯಾವಾಗಲೂ ಸರಿಯೆಂದು ಹೇಳಲಾರೆ. ಪಡಿತರದ ಅಕ್ಕಿಯ ವಿಚಾರ ನೆನಪಿಸಿಕೊಳ್ಳಿ. ಕಬ್ಬಿಣ, ಫೋಲಿಕ್ ಆಮ್ಲ, ಬಿ-12 ಜೀವಸತ್ವ ಬೆರೆಸಿದ ಸಾರವರ್ಧಿತ ಅಕ್ಕಿಯನ್ನು ಸರ್ಕಾರದ ಯೋಜನೆಗಳಲ್ಲಿ ಹಂಚುವುದಾಗಿ 2021ರ ಆಗಸ್ಟ್ 15ರಂದು ಪ್ರಧಾನಿಯವರು ಘೋಷಿಸಿದರು. 2024ರ ವೇಳೆಗೆ ಅದು ಎಲ್ಲೆಡೆಯ ಪಡಿತರ ಅಂಗಡಿಗಳನ್ನು ಮುಟ್ಟಿತು. ಅಕ್ಕಿ ಹಿಟ್ಟಿಗೆ ಪೋಷಕಾಂಶ ಕಲಸಿ, ಯಂತ್ರದಲ್ಲಿ ಒತ್ತಿ, ಕಾಳಿನ ಆಕಾರಕ್ಕೆ ತಂದು, ನೂರು ಕಿಲೋ ಅಕ್ಕಿಗೆ ಒಂದು ಕಿಲೋದಂತೆ ಬೆರೆಸುವುದು ಇದರ ಕ್ರಮ. ಅಡಿಗೆಮನೆಯಲ್ಲಿ ಏನಾಯಿತು? ಮೊರದಲ್ಲಿ ಅಕ್ಕಿ ಆರಿಸುವ ತಾಯಂದಿರ ಕಣ್ಣಿಗೆ ಕೆಲವು ಕಾಳುಗಳ ಬಣ್ಣ ಬೇರೆ ಕಂಡಿತು. ತೊಳೆಯುವಾಗ ಕೆಲವು ತೇಲಿದವು. "ಸರ್ಕಾರದೋರು ಪ್ಲಾಸ್ಟಿಕ್ ಅಕ್ಕಿ ಕೊಟ್ಟವ್ರೆ, ಉಂಡೋರು ಮಳೇಲಿ ನೆನೆಯಲ್ಲ ಬಿಡಿ" ಎಂದು ನಕ್ಕರು. ನಕ್ಕು, ಆ ಕಾಳುಗಳನ್ನೇ ಹುಡುಕಿ ಹುಡುಕಿ ಆರಿಸಿ ಬಿಸಾಡಿದರು. ರಕ್ತಹೀನತೆಗೆಂದು ಬೆರೆಸಿದ್ದು ತಿಪ್ಪೆಗೆ ಹೋಯಿತು.

ಇಲ್ಲಿ ಅವರು ಕಂಡದ್ದರಲ್ಲಿ ಏನೂ ತಪ್ಪಿಲ್ಲ. ಕಾಳು ಬೇರೆಯಾಗಿತ್ತು, ತೇಲಿದ್ದೂ ನಿಜ. ಕಂಡದ್ದಕ್ಕೆ ಕಟ್ಟಿದ ಅರ್ಥ ಮಾತ್ರ ತಪ್ಪು. ಒಂದು ಕಾಳನ್ನು ನೀರಿನಲ್ಲಿ ಚೆನ್ನಾಗಿ ಬೇಯಿಸಿ ಬೆರಳಿನಿಂದ ಒತ್ತಿದ್ದರೆ ಅದು ಅನ್ನದಂತೆ ಹಿಸುಕಿ ಹೋಗುತ್ತಿತ್ತು. ಪ್ಲಾಸ್ಟಿಕ್ ಹಾಗೆ ಆಗದು. ಅಷ್ಟು ಮಾಡಿ ನೋಡಿ ಎಂದು ಅಂಗಡಿಯ ಮುಂದೆ ನಿಂತು ಹೇಳುವವರಿರಲಿಲ್ಲ. ಅಂಥ ಅಕ್ಕಿ ಬೇಕೇ ಬೇಡವೇ, ಹಣ್ಣು ಕಾಳು ಸೊಪ್ಪುಗಳಿಂದಲೇ ಆ ಸತ್ವ ಸಿಗಬಾರದೇ ಎಂಬ ಚರ್ಚೆ ಬೇರೆ, ಅದು ನಡೆಯಲೇಬೇಕಾದದ್ದು. ಪ್ಲಾಸ್ಟಿಕ್ ಮಾತಿನ ಗದ್ದಲದಲ್ಲಿ ಆ ಚರ್ಚೆಯೂ ಮುಳುಗಿತು.

ಹುಳುವಿನ ಸುದ್ದಿಯಲ್ಲಂತೂ ನಗೆಗೆ ತೆತ್ತ ಬೆಲೆ ಇನ್ನೂ ನೇರವಾದದ್ದು. 2018ರ ಮೇ ತಿಂಗಳಲ್ಲಿ, ಅಮೆರಿಕ ಖಂಡದ ಮೂಲದ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊಟ್ಟಮೊದಲು ಕಂಡದ್ದು ನಮ್ಮ ಶಿವಮೊಗ್ಗ ಸೀಮೆಯ ಮುಸುಕಿನ ಜೋಳದಲ್ಲಿ. "ಹುಳ ಇಲ್ಲದ ಜೋಳ ಯಾವುದು ಸ್ವಾಮಿ, ಈ ಸಲದ್ದು ವಿಮಾನದಲ್ಲಿ ಬಂದಿರಬೇಕು" ಎಂದು ನಕ್ಕವರು ಉಂಟು. ಮರಿಹುಳು ಎಲೆ ಕೆರೆಯುವ ಹಂತದಲ್ಲಿ ಅದನ್ನು ಹತೋಟಿಗೆ ತರುವುದು ಸುಲಭ. ಬಲಿತ ಹುಳು ಸುಳಿಯೊಳಗೆ ತನ್ನ ಹಿಕ್ಕೆಯನ್ನೇ ಮುಚ್ಚಳ ಮಾಡಿಕೊಂಡು ಕೂರುತ್ತದೆ, ಸಿಂಪರಣೆ ಅದನ್ನು ಮುಟ್ಟುವುದಿಲ್ಲ. ತಲೆಯ ಮೇಲೆ ತಲೆಕೆಳಗಾದ ಕವಣೆಯಂಥ ಬಿಳಿ ಗೆರೆ, ಬಾಲದ ಬಳಿ ಚೌಕಾಕಾರದ ನಾಲ್ಕು ಕಪ್ಪು ಚುಕ್ಕೆ ಇವೆಯೇ ಎಂದು ಸುಳಿ ಬಿಡಿಸಿ ನೋಡಲು ಹೊಲಕ್ಕೊಂದು ಸುತ್ತು ಸಾಕಿತ್ತು.

ಇನ್ನು ಸೀಸೆಯ ಗೊಬ್ಬರಕ್ಕೆ ಬರೋಣ. ಇದರಲ್ಲಿ ನಿಮ್ಮ ಹಣವೂ ಇದೆ, ಬೆಳೆಯೂ ಇದೆ, ಆದುದರಿಂದ ಸ್ವಲ್ಪ ವಿವರವಾಗಿಯೇ ನೋಡಬೇಕು. 2021ರಲ್ಲಿ ಇಫ್ಕೋ ಸಂಸ್ಥೆ ನ್ಯಾನೋ ಯೂರಿಯಾ ಎಂಬ ದ್ರವವನ್ನು ಹೊರತಂದಿತು. ಅರ್ಧ ಲೀಟರಿನ ಒಂದು ಸೀಸೆ 45 ಕಿಲೋ ಯೂರಿಯಾ ಚೀಲಕ್ಕೆ ಸಮ ಎಂಬುದು ಸುದ್ದಿ. ಕೃಷಿ ಮೇಳವೊಂದರಲ್ಲಿ ಆ ಸೀಸೆಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ ರೈತರೊಬ್ಬರು, "ಒಳ್ಳೇದೇ ಆಯ್ತು, ಬೆನ್ನಿಗೆ ಭಾರ ತಪ್ಪಿತು. ಆದರೆ ಬುದ್ಧಿ, ಗೊಬ್ಬರ ಸೀಸೇಲಿ ತಂದ್ರೆ ಫಸಲೂ ಸೀಸೇಲೇ ತುಂಬ್ಕೊಂಡು ಬರಬೇಕಾದೀತೇನೋ" ಎಂದರು. ಸುತ್ತ ನಿಂತವರೆಲ್ಲ ನಕ್ಕರು, ಮಳಿಗೆಯ ಹುಡುಗನೂ ನಕ್ಕ.

ಆ ಮಾತನ್ನು ನಾನು ಲೆಕ್ಕಕ್ಕೆ ಹಚ್ಚಿ ನೋಡಿದೆ, ನೀವೂ ಹಚ್ಚಿ. ಯೂರಿಯಾದಲ್ಲಿ ನೂರಕ್ಕೆ 46 ಭಾಗ ಸಾರಜನಕ. 45 ಕಿಲೋ ಚೀಲದಲ್ಲಿ 20.7 ಕಿಲೋ ಆಯಿತು. ಮಳೆಯಾಶ್ರಿತ ರಾಗಿಗೆ ಎಕರೆಗೆ ಶಿಫಾರಸು ಮಾಡುವ ಸಾರಜನಕವೂ ಸುಮಾರು 20 ಕಿಲೋ. ಮೊದಲು ಮಾರಾಟಕ್ಕೆ ಬಂದ ಸೀಸೆಯಲ್ಲಿ ಸಾರಜನಕ ನೂರಕ್ಕೆ 4 ಭಾಗ. ಅರ್ಧ ಲೀಟರಿಗೆ 20 ಗ್ರಾಂ. ಅಲ್ಲಿ ಕಿಲೋ, ಇಲ್ಲಿ ಗ್ರಾಂ, ಸಾವಿರಕ್ಕೆ ಒಂದು. ಈಗ ರಾಗಿಯ ಕಡೆಯಿಂದ ನೋಡಿ. ರಾಗಿ ಕಾಳಿನಲ್ಲಿ ನೂರಕ್ಕೆ ಸುಮಾರು 7 ಭಾಗ ಪ್ರೋಟೀನು, ಪ್ರೋಟೀನಿನಲ್ಲಿ ನೂರಕ್ಕೆ 16 ಭಾಗ ಸಾರಜನಕ. ಹಾಗಾದರೆ ಒಂದು ಕಿಲೋ ರಾಗಿಯಲ್ಲಿ 11 ಗ್ರಾಂ ಸಾರಜನಕ ಇರುತ್ತದೆ. ಸೀಸೆಯ 20 ಗ್ರಾಮಿನಲ್ಲಿ ಒಂದು ಹನಿಯೂ ವ್ಯರ್ಥವಾಗದೆ ಪೂರ್ತಿ ಕಾಳಿಗೇ ಸೇರಿದರೂ ಅದು ಎರಡು ಕಿಲೋ ರಾಗಿಗೂ ಸಾಲದು. ಆ ಎರಡು ಕಿಲೋ ರಾಗಿಯನ್ನು ನಾಲ್ಕೈದು ಸೀಸೆಗಳಲ್ಲಿ ತುಂಬಿ ಮನೆಗೆ ತರಬಹುದು. ಮೇಳದಲ್ಲಿ ನಕ್ಕವರು ಅಂದಾಜಿನಲ್ಲಿ ಹೇಳಿದ್ದು ಇಷ್ಟು ಹತ್ತಿರ ಬಂದಿತ್ತು.

ಎದುರು ಪಕ್ಷದ ಮಾತನ್ನೂ ಹೇಳಬೇಕು. ಮಣ್ಣಿಗೆ ಹಾಕಿದ ಯೂರಿಯಾದ ಅರ್ಧಕ್ಕೂ ಹೆಚ್ಚು ಭಾಗ ಆವಿಯಾಗಿ, ಬಸಿದು ನಷ್ಟವಾಗುವುದು ಸಾಮಾನ್ಯ. ನ್ಯಾನೋ ಕಣಗಳು ಅತಿ ಸೂಕ್ಷ್ಮ, ಎಲೆಯ ರಂಧ್ರಗಳ ಮೂಲಕ ನೇರ ಒಳಗಿಳಿಯುತ್ತವೆ, ಆದುದರಿಂದ ಸ್ವಲ್ಪವೇ ಸಾಕು ಎಂಬುದು ಅವರ ವಾದ. ಬಿತ್ತನೆ ಕಾಲದ ಗೊಬ್ಬರವನ್ನು ಬಿಡಬಾರದು, ಮೇಲುಗೊಬ್ಬರಕ್ಕೆ ಮಾತ್ರ ಇದು ಬದಲಿ ಎಂದೂ ಅವರು ಹೇಳಿದ್ದರು. ಸುದ್ದಿಯಲ್ಲಿ 'ಸೀಸೆಗೆ ಚೀಲ ಸಮ' ಎಂಬುದಷ್ಟೇ ಉಳಿದು ಈ ಷರತ್ತು ಉದುರಿಹೋಯಿತು. ಆದರೆ ಮೂರರಲ್ಲಿ ಎರಡು ಪಾಲು ಹಾಳಾದರೂ ಚೀಲದಿಂದ ಪೈರಿಗೆ ಏಳು ಕಿಲೋ ಸಿಕ್ಕಿತು. 20 ಗ್ರಾಂ ಅದನ್ನು ಹೇಗೆ ಸರಿದೂಗಿಸುತ್ತದೆ ಎಂಬುದಕ್ಕೆ ನನಗೆ ಒಪ್ಪಿಗೆಯಾಗುವ ವಿವರಣೆ ಸಿಕ್ಕಿಲ್ಲ. ಪಂಜಾಬ್ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಭತ್ತ ಮತ್ತು ಗೋಧಿಯಲ್ಲಿ ಎರಡು ವರ್ಷ ಪ್ರಯೋಗ ನಡೆಸಿ, ಯೂರಿಯಾ ತಗ್ಗಿಸಿ ಇದನ್ನು ಸಿಂಪಡಿಸಿದಾಗ ಇಳುವರಿ ಕುಗ್ಗಿತೆಂದು ವರದಿ ಮಾಡಿದರು. ತಯಾರಕರು ಅದನ್ನು ಒಪ್ಪಲಿಲ್ಲ. ಆಮೇಲೆ ನೂರಕ್ಕೆ 20 ಭಾಗ ಸಾರಜನಕದ ಸೀಸೆಯೂ ಬಂತು. ಅದರ ಲೆಕ್ಕ 100 ಗ್ರಾಂ, ಅಂದರೆ ಒಂಬತ್ತು ಕಿಲೋ ರಾಗಿ.

ಇಷ್ಟಾಗಿ ನಕ್ಕವರೆಲ್ಲ ಸೀಸೆಯನ್ನು ಬಿಟ್ಟು ಬಂದರೇ? ಇಲ್ಲ. 2025ರ ಮುಂಗಾರಿನಲ್ಲಿ ಯೂರಿಯಾದ ಅಭಾವ ತಲೆದೋರಿದಾಗ ಸರತಿಯಲ್ಲಿ ನಿಂತವರಿಗೆ ಗೊತ್ತು, ಕೆಲವು ಅಂಗಡಿಗಳಲ್ಲಿ ಚೀಲ ಬೇಕಾದರೆ ಸೀಸೆಯನ್ನೂ ಕೊಳ್ಳಬೇಕೆಂಬ ಒತ್ತಾಯವಿತ್ತು. ಹಾಗೆ ಗಂಟು ಹಾಕಿ ಮಾರಬಾರದೆಂದು ಸರ್ಕಾರವೇ ಹೇಳಿದ್ದರೂ ನಡೆಯಿತು. ನಗೆಮಾತು ಹೇಳಿದವರ ಮನೆಯ ಗೂಡಿನಲ್ಲೂ ಒಡೆಯದ ಎರಡು ಸೀಸೆ ಕಂಡಿದ್ದೇನೆ. ನಗೆಯಿಂದ ಅವರ ಹಣ ಉಳಿಯಲಿಲ್ಲ. ಚೀಲದ ಬೆಲೆಗೆ ಹತ್ತಿರವೇ ಇದ್ದ ಸೀಸೆಯನ್ನು ಕೈಗೆ ತುರುಕಿದಾಗ "ಇದರಲ್ಲಿ ಸಾರಜನಕ ಎಷ್ಟು ಗ್ರಾಂ, ಚೀಟಿಯಲ್ಲಿ ಬರೆದುಕೊಡಿ" ಎಂದು ಹತ್ತು ಜನ ಒಟ್ಟಾಗಿ ಕೇಳಿದ್ದರೆ ಮಾತು ಬೇರೆಯಾಗುತ್ತಿತ್ತು. ಕೊಂಡಾಗಿದೆ ಎನ್ನುವವರು ಒಂದು ಕೆಲಸ ಮಾಡಿ. ಒಂದೇ ಹೊಲದಲ್ಲಿ, ಒಂದೇ ದಿನ ಬಿತ್ತಿದ ಪೈರಿನಲ್ಲಿ ಒಂದೊಂದು ಗುಂಟೆಯ ಮೂರು ತಾಕು ಗುರುತಿಸಿ. ಒಂದಕ್ಕೆ ಮೇಲುಗೊಬ್ಬರವಾಗಿ ಯೂರಿಯಾ, ಒಂದಕ್ಕೆ ಸೀಸೆಯದು, ಒಂದಕ್ಕೆ ಏನೂ ಬೇಡ. ಮೂರನೆಯದನ್ನು ಮರೆಯಬಾರದು, ನಿಜ ಹೇಳುವುದು ಅದೇ. ಒಕ್ಕಣೆಯಲ್ಲಿ ಮೂರನ್ನೂ ಬೇರೆ ಬೇರೆ ತೂಗಿ. ಎಲೆಗೆ ಸಿಂಪಡಿಸಬೇಕೆಂಬ ಆಸೆಯಿದ್ದರೆ ಲೀಟರಿಗೆ 20 ಗ್ರಾಂ ಸಾದಾ ಯೂರಿಯಾ ಕರಗಿಸಿ ಹೊಡೆಯುವ ಹಳೆಯ ಕ್ರಮವಿದೆಯಲ್ಲ, ನೂರು ಲೀಟರಿನಲ್ಲಿ ಅದು 920 ಗ್ರಾಂ ಸಾರಜನಕ ಕೊಡುತ್ತದೆ.

ನಮ್ಮವರ ಬಗ್ಗೆಯೂ ಒಂದು ಮಾತು ಆಡದಿದ್ದರೆ ಪಕ್ಷಪಾತವಾದೀತು. "ಶೇಕಡ 20ರಷ್ಟು ಹೆಚ್ಚು ಇಳುವರಿ" ಎಂದು ಪತ್ರಿಕೆಗೆ ಹೇಳಿಕೆ ಕೊಡುತ್ತೇವೆ. ಯಾವುದಕ್ಕಿಂತ ಹೆಚ್ಚು, ಎಷ್ಟು ನೀರು ಕೊಟ್ಟು, ಯಾವ ಮಣ್ಣಿನಲ್ಲಿ, ಎಷ್ಟು ವರ್ಷ ನೋಡಿ ಎಂಬುದು ಹೇಳಿಕೆಯಲ್ಲಿ ಇರುವುದಿಲ್ಲ. ಸಂಶೋಧನಾ ಕೇಂದ್ರದ ತಾಕಿನಲ್ಲಿ ಕಳೆ ತೆಗೆಯಲು ಆಳು ಕರೆದ ದಿನ ಬರುತ್ತಾನೆ, ನಿಮ್ಮಲ್ಲಿ ಬರುವುದಿಲ್ಲ. ಇದನ್ನು ಕೇಳಿ ನೀವು ನಕ್ಕರೆ ಅದಕ್ಕೆ ನಮ್ಮ ಬಳಿ ಸಿಟ್ಟಿಗೆ ಬದಲು ಅಂಕಿ ಇರಬೇಕು.

ಈಚೆಗೆ ಎಲ್ಲೆಡೆ ಡ್ರೋನಿನ ಸುದ್ದಿ. ಹತ್ತು ಲೀಟರಿನಷ್ಟು ಔಷಧಿ ನೀರು ತುಂಬಿಕೊಂಡು ಹತ್ತು ನಿಮಿಷದಲ್ಲಿ ಒಂದು ಎಕರೆಗೆ ಸಿಂಪಡಿಸುತ್ತದೆ. ಕೈಪಂಪಿನಲ್ಲಾದರೆ ಇನ್ನೂರು ಲೀಟರ್ ನೀರು, ಅರ್ಧ ದಿನದ ಕೂಲಿ, ಮೂಗಿಗೆ ಮೈಗೆ ವಿಷ. ಅನುಕೂಲ ಇದೆ, ಅಲ್ಲಗಳೆಯಲಾರೆ. ಪ್ರಾತ್ಯಕ್ಷಿಕೆ ನೋಡಲು ಬಂದಿದ್ದ ಅಜ್ಜಿಯೊಬ್ಬರು ಸೆರಗು ಬಾಯಿಗೆ ಹಿಡಿದು, "ಮೇಲಿಂದ ಹುಯ್ದ್ರೆ ಎಲೆ ಅಡೀಗೆ ಹೆಂಗಪ್ಪಾ ತಾಗ್ತದೆ? ತಲೆ ಮೇಲೆ ಒಂದು ಚೊಂಬು ಸುರ್ಕೊಂಡ್ರೆ ಕಂಕುಳು ತೊಳೆದಂಗಾಯ್ತಾ?" ಎಂದರು. ಡ್ರೋನು ಹಾರಿಸುತ್ತಿದ್ದ ತರುಣ ನಾಚಿ ನಕ್ಕ. ಬಿಳಿ ನೊಣ, ಜಿಗಿಹುಳು ಕೂರುವುದು ಎಲೆಯ ಅಡಿಯಲ್ಲೇ. ರೆಕ್ಕೆಯ ಗಾಳಿ ಎಲೆಗಳನ್ನು ಅಲುಗಿಸಿ ಸ್ವಲ್ಪ ಹನಿಯನ್ನು ಕೆಳಗೂ ತಳ್ಳುತ್ತದೆ, ದಟ್ಟವಾಗಿ ಬೆಳೆದ ಪೈರಿನಲ್ಲಿ ಪೂರ್ತಿ ತಲುಪುವುದಿಲ್ಲ. ಅಜ್ಜಿಯ ಪ್ರಶ್ನೆಗೆ ಬೆಳೆಬೆಳೆಗೂ ಉತ್ತರ ಬೇರೆ. ಸಣ್ಣ ಹನಿ ಗಾಳಿಗೆ ಸಿಕ್ಕಿ ದೂರ ತೇಲುವುದಂತೂ ನಿಶ್ಚಯ, ಪಕ್ಕದಲ್ಲಿ ಹಿಪ್ಪುನೇರಳೆ ತೋಟವಿದ್ದರೆ ಆ ಸೊಪ್ಪು ತಿಂದ ರೇಷ್ಮೆ ಹುಳುಗಳು ತಟ್ಟೆ ತಟ್ಟೆಯೇ ಸಾಯುತ್ತವೆ. ನಿಮ್ಮೂರಿಗೆ ಡ್ರೋನು ಬಂದ ದಿನ ಅದು ಮೇಲೇಳುವ ಮುಂಚೆಯೇ ಗಾಳಿ ಯಾವ ಕಡೆಗಿದೆ, ಎಷ್ಟು ಎತ್ತರದಲ್ಲಿ ಹಾರಿಸುತ್ತೀರಿ, ಪಕ್ಕದ ಹುಳುಮನೆಯವರಿಗೆ ತಿಳಿಸಿದ್ದೀರಾ ಎಂದು ಕೇಳಿ. ಅಲ್ಲಿ ಹುಳು ಸಾಕಣೆ ನಡೆಯುತ್ತಿದ್ದರೆ ಸಿಂಪರಣೆಯನ್ನು ಮುಂದೆ ಹಾಕಿಸಿ, ಅಥವಾ ಆ ಬದಿಯ ಹತ್ತು ಸಾಲನ್ನು ಕೈಪಂಪಿನಲ್ಲೇ ಮುಗಿಸಿ.